ಪದ ಅಳಿಸಿದರೆ ಪುಟ ಅಳಿಯುವುದೇ?

ಎರಡು ಕಾನೂನುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದೋಣ.

ಮೊದಲನೆಯದು ಬ್ರಿಟಿಷ್ ಸರ್ಕಾರ 1871ರಲ್ಲಿ ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ. ಅದರ ಎರಡನೆಯ ಭಾಗ ಇರುವುದೇ ‘ನಪುಂಸಕರ’ ಬಗ್ಗೆ. ಮಕ್ಕಳನ್ನು ಅಪಹರಿಸುವ, ಅವರ ಪುರುಷತ್ವಹರಣ ಮಾಡುವ, ಇಲ್ಲವೇ ದಂಡ ಸಂಹಿತೆಯ 377ನೇ ಸೆಕ್ಷನ್ನಿನ ಅಪರಾಧ ಎಸಗುವ ‘ಸಕಾರಣ ಸಂಶಯ’ ಯಾವ ನಪುಂಸಕರ ಮೇಲಿದೆಯೋ, ಅವರ ಹೆಸರು ಮತ್ತು ವಾಸಸ್ಥಳಗಳ ರಿಜಿಸ್ಟರ್ ಇಡಬೇಕು ಎನ್ನುತ್ತದೆ ಅದು.

ಎರಡನೆಯದು ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆ, 1963ಕ್ಕೆ 2011ರಲ್ಲಿ ಸೇರಿಸಿದ ಸೆಕ್ಷನ್ 36ಎ. ‘ನಪುಂಸಕರ ಅನಪೇಕ್ಷಿತ ಚಟುವಟಿಕೆ’ಗಳನ್ನು ತಡೆಯಲು ಪೊಲೀಸ್ ಕಮಿಷನರ್ ರಾಜ್ಯಪತ್ರದಲ್ಲಿ ಪ್ರಕಟಿಸಿ ಆದೇಶ ಹೊರಡಿಸಬಹುದು. ಯಾವ ಆದೇಶ? ಹುಡುಗರನ್ನು ಅಪಹರಿಸುವ, ಅವರ ಪುರುಷತ್ವಹರಣ ಮಾಡುವ, ಅನೈಸರ್ಗಿಕ ಅಪರಾಧ ಅಥವಾ ಬೇರಾವುದೇ ಅಪರಾಧ ಎಸಗುವ ‘ಸಕಾರಣ ಸಂಶಯ’ ಇರುವ ನಪುಂಸಕರ ಹೆಸರು ಮತ್ತು ವಾಸಸ್ಥಳಗಳ ರಿಜಿಸ್ಟರ್ ಇಡುವ ಆದೇಶ.

ನಡುವೆ 140 ವರ್ಷಗಳಿವೆ. ಒಂದು ಸಾಮ್ರಾಜ್ಯ ಹೋಗಿ ಒಂದು ಸಂವಿಧಾನ ಬಂದಿದೆ. ಆದರೂ ವಾಕ್ಯ ಮಾತ್ರ ಹಾಗೇ ಇದೆ.

ಪಿಎಚ್.ಡಿ.ಗಾಗಿ ವಸಾಹತು ಕಾಲದ ಪೊಲೀಸ್ ಕಾನೂನುಗಳನ್ನು ಓದುತ್ತಿರುವ ನನಗೆ ಇಂಥ ಹೋಲಿಕೆಗಳು ಹೊಸದಲ್ಲ. ಹಳೆಯ ಕಾನೂನಿನ ವಾಕ್ಯಗಳು ಹೊಸ ಕಾನೂನಿನಲ್ಲಿ ಬಂದು ಕೂರುವುದು ಸಾಮಾನ್ಯ. ಆದರೆ ಇಲ್ಲಿ ಬಂದು ಕೂತಿರುವುದು ಬರೀ ವಾಕ್ಯವಲ್ಲ. ಒಂದು ಗುಂಪಿನ ಜನರನ್ನು ಹುಟ್ಟಿನಿಂದಲೇ ಸಂಶಯಿತರು ಎಂದು ನೋಡುವ ಒಂದು ಕಣ್ಣು. ಆ ಕಣ್ಣು ಎಲ್ಲಿಂದ ಬಂತು, ನಮ್ಮ ಕಾಲದವರೆಗೆ ಹೇಗೆ ಉಳಿಯಿತು ಎಂಬುದನ್ನು ತಿಳಿದುಕೊಳ್ಳದೆ ಅದನ್ನು ವಿರೋಧಿಸುವುದು ಕಷ್ಟ. ಈ ಬರಹ ಆ ಚರಿತ್ರೆಗಾಗಿ, ಮತ್ತು ಆ ವಿರೋಧಕ್ಕಾಗಿ.

*

ಕತೆ 1852ರಲ್ಲಿ, ಇಂದಿನ ಉತ್ತರ ಪ್ರದೇಶದ ಮೈನ್‌ಪುರಿ ಜಿಲ್ಲೆಯಲ್ಲಿ ಶುರುವಾಗುತ್ತದೆ. ಭೂರಾ ಎಂಬ ಹಿಜಡಾಳ ಕೊಲೆಯಾಯಿತು. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿಯವರೆಗೆ ಎಲ್ಲ ಕೊಲೆ ಪ್ರಕರಣಗಳಂತೆ ಇದೂ ಒಂದು. ಆದರೆ ಬ್ರಿಟಿಷ್ ನ್ಯಾಯಾಧೀಶರ ಗಮನ ಕೊಲೆಗಾರನನ್ನು ದಾಟಿ ಸತ್ತವಳ ಕಡೆಗೆ ತಿರುಗಿತು. ಸೀರೆಯುಟ್ಟು, ಹಾಡಿ ಕುಣಿದು, ಗುರು-ಚೇಲಾ ಎಂಬ ಕುಟುಂಬ ಕಟ್ಟಿಕೊಂಡು ಬದುಕುವ ಇಂಥ ಜನ ನಮ್ಮ ಆಡಳಿತದಲ್ಲಿ ಇದ್ದಾರೆಂಬುದೇ ಅವರಿಗೆ ಅವಮಾನವಾಗಿ ಕಂಡಿತು. ಇತಿಹಾಸಕಾರ್ತಿ ಜೆಸಿಕಾ ಹಿಂಚಿ ಹಿಜಡಾಗಳ ಕುರಿತ ತಮ್ಮ ಅಧ್ಯಯನದಲ್ಲಿ ಈ ಪ್ರಕರಣವನ್ನು ವಿವರವಾಗಿ ಕಟ್ಟಿಕೊಟ್ಟಿದ್ದಾರೆ. ಕೊಲೆಯಾದವಳ ಸಮುದಾಯವೇ ಆರೋಪಿಯ ಕಟಕಟೆಗೆ ಬಂದು ನಿಂತದ್ದು ಹೀಗೆ.

ಸುಮಾರು ಇಪ್ಪತ್ತು ವರ್ಷಗಳ ನಂತರ ಬಂದ 1871ರ ಕಾಯ್ದೆ ಮೊದಲಿಗೆ ವಾಯವ್ಯ ಪ್ರಾಂತ್ಯ, ಅವಧ್ ಮತ್ತು ಪಂಜಾಬಿಗೆ ಅನ್ವಯವಾಯಿತು. ಅದರ ಮೊದಲ ಭಾಗ ಹಲವು ಅಲೆಮಾರಿ ಸಮುದಾಯಗಳನ್ನು ‘ಅಪರಾಧಿ ಬುಡಕಟ್ಟು’ಗಳೆಂದು ಘೋಷಿಸಲು ದಾರಿ ಮಾಡಿತು. ಎರಡನೆಯ ಭಾಗದ ವಿವರಗಳನ್ನು ಇಂದು ಓದಿದರೆ ಎದೆ ಝಲ್ ಎನ್ನುತ್ತದೆ. ಹೆಸರು ದಾಖಲಾದವರು ಸಾರ್ವಜನಿಕ ಸ್ಥಳದಲ್ಲಿ ಹೆಣ್ಣಿನ ಉಡುಗೆ ತೊಟ್ಟು ಅಥವಾ ಆಭರಣ ಧರಿಸಿ ಕಾಣಿಸಿಕೊಂಡರೆ, ಕುಣಿದರೆ, ವಾದ್ಯ ನುಡಿಸಿದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಶಿಕ್ಷೆ ಎರಡು ವರ್ಷದವರೆಗೆ ಸೆರೆವಾಸ, ದಂಡ, ಇಲ್ಲವೇ ಎರಡೂ. ಅವರು ಉಯಿಲು ಬರೆಯುವಂತಿಲ್ಲ, ದಾನ ಕೊಡುವಂತಿಲ್ಲ, ಮಗನನ್ನು ದತ್ತು ತೆಗೆದುಕೊಳ್ಳುವಂತಿಲ್ಲ, ಯಾವ ಮಗುವಿಗೂ ಪಾಲಕರಾಗುವಂತಿಲ್ಲ. ಅವರ ಆಸ್ತಿಯ ವಿವರವನ್ನೂ ಸರ್ಕಾರ ಕೇಳಿ ಪಡೆಯಬಹುದು.

ಯಾರು ನಪುಂಸಕರು ಎಂದು ತೀರ್ಮಾನಿಸುವವರು ಯಾರು? ಅದನ್ನೂ ಕಾಯ್ದೆ ಹೇಳಿತ್ತು. ತಾವಾಗಿ ಒಪ್ಪಿಕೊಂಡವರು, ಅಥವಾ ವೈದ್ಯಕೀಯ ತಪಾಸಣೆಯಲ್ಲಿ ಹಾಗೆಂದು ಕಂಡುಬಂದವರು. ದೇಹವನ್ನು ಬಿಚ್ಚಿ ನೋಡಿ ಗುರುತು ಬರೆಯುವ ಅಧಿಕಾರ ಪ್ರಭುತ್ವಕ್ಕೆ ಸಿಕ್ಕಿದ್ದು ಅಂದು.

ಈ ನಿಷೇಧಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಉದ್ದೇಶ ಸ್ಪಷ್ಟವಾಗುತ್ತದೆ. ಕುಣಿತ, ಹಾಡು ನಿಂತರೆ ಅನ್ನ ನಿಲ್ಲುತ್ತದೆ. ಉಯಿಲು, ದತ್ತು ನಿಂತರೆ ಗುರುವಿನ ಮನೆ ಚೇಲಾಳಿಗೆ ಬರುವುದಿಲ್ಲ. ಈ ಜನ ಒಂದು ತಲೆಮಾರಿಗೆ ಮುಗಿದುಹೋಗಲಿ ಎಂಬ ಲೆಕ್ಕಾಚಾರ ಅದು. ಅಂದಿನ ಅಧಿಕಾರಿಗಳು ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

1911ರಲ್ಲಿ ಹೊಸ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂದಾಗ ನಪುಂಸಕರ ಕುರಿತ ಭಾಗ ಅದರಲ್ಲಿ ಇರಲಿಲ್ಲ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ 1919ರಲ್ಲಿ, ಫಸಲಿ 1329ರಲ್ಲಿ, ಹೈದರಾಬಾದಿನ ನಿಜಾಮರ ಸರ್ಕಾರ ಇದೇ ಬಗೆಯ ಕಾಯ್ದೆಯನ್ನು ತನ್ನದಾಗಿ ಮಾಡಿಕೊಂಡಿತು. ಹೈದರಾಬಾದ್ ನಗರಕ್ಕೆ ಮತ್ತು ಸರ್ಕಾರ ವಿಶೇಷವಾಗಿ ವಿಸ್ತರಿಸುವ ಇತರ ಸ್ಥಳಗಳಿಗೆ ಅದು ಅನ್ವಯ. ಅಂದು ಬೀದರ್, ಕಲಬುರಗಿ, ರಾಯಚೂರು ಇದ್ದದ್ದು ಅದೇ ಸಂಸ್ಥಾನದಲ್ಲಿ. ಅಲ್ಲಿಯೂ ಅದೇ ರಿಜಿಸ್ಟರ್, ಹೆಣ್ಣುಡುಗೆಗೆ ಅದೇ ಶಿಕ್ಷೆ, ಹಾಡು ಕುಣಿತಕ್ಕೆ ಅದೇ ನಿಷೇಧ.

ಕನ್ನಡ ನಾಡಿನ ಮಟ್ಟಿಗೆ ಇದರ ಅರ್ಥವೇನೆಂದು ಯೋಚಿಸಿ. ಸವದತ್ತಿ ಎಲ್ಲಮ್ಮನ ಹೆಸರಲ್ಲಿ ಸೀರೆಯುಟ್ಟು, ಬಳೆ ತೊಟ್ಟು, ತಲೆಯ ಮೇಲೆ ಕೊಡ ಹೊತ್ತು, ಚೌಡಿಕೆ ನುಡಿಸಿಕೊಂಡು ಊರೂರು ತಿರುಗುವ ಜೋಗಪ್ಪಗಳನ್ನು ಉತ್ತರ ಕರ್ನಾಟಕದಲ್ಲಿ ಯಾರು ನೋಡಿಲ್ಲ? ಜನ ಅವರ ಕೈಯಿಂದ ಭಂಡಾರ ಹಚ್ಚಿಸಿಕೊಳ್ಳುತ್ತಾರೆ. ಇಂಥ ಕಾನೂನಿನ ಕಣ್ಣಿಗೆ ಬಿದ್ದರೆ ಆ ಸೀರೆ ಒಂದು ಸಾಕ್ಷ್ಯ, ಆ ಬಳೆ ಇನ್ನೊಂದು, ಆ ಚೌಡಿಕೆ ಮತ್ತೊಂದು. ಊರು ಕೈಮುಗಿಯುವುದನ್ನು ಠಾಣೆ ದಾಖಲಿಸಿಕೊಳ್ಳುತ್ತದೆ.

*

ಸ್ವಾತಂತ್ರ್ಯದ ನಂತರ, 1952ರಲ್ಲಿ, ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ದೇಶದಾದ್ಯಂತ ರದ್ದಾಯಿತು. ವಿಮುಕ್ತ ಸಮುದಾಯಗಳು ಇಂದಿಗೂ ಆಗಸ್ಟ್ 31ನ್ನು ತಮ್ಮ ಬಿಡುಗಡೆಯ ದಿನವೆಂದು ನೆನೆಯುತ್ತವೆ. ಕಾಯ್ದೆ ಹೋಯಿತು, ಠಾಣೆಯ ರೂಢಿ ಹೋಗಲಿಲ್ಲ. ಬೆಂಗಳೂರಿನ ಹಿಜಡಾ ಮತ್ತು ಕೋಥಿ ಸಮುದಾಯಗಳು ಅನುಭವಿಸುತ್ತಿದ್ದ ಹಿಂಸೆಯನ್ನು ಪಿಯುಸಿಎಲ್-ಕರ್ನಾಟಕ 2003ರ ತನ್ನ ವರದಿಯಲ್ಲಿ ದಾಖಲಿಸಿತು. ಬೀದಿಯಲ್ಲಿ, ಮನೆಯಲ್ಲಿ, ಠಾಣೆಯಲ್ಲಿ ನಡೆದದ್ದನ್ನು ಅನುಭವಿಸಿದವರೇ ಹೇಳಿದ ಮಾತುಗಳು ಅದರಲ್ಲಿವೆ. 2008ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಐವರು ಹಿಜಡಾಗಳ ಬಂಧನವಾದಾಗ, ಅವರ ಪರವಾಗಿ ಠಾಣೆಗೆ ಹೋದ ಕಾರ್ಯಕರ್ತರನ್ನೂ ಬಂಧಿಸಲಾಯಿತು.

ಇದಾಗಿ ಮೂರು ವರ್ಷಕ್ಕೆ ಬಂದದ್ದು 36ಎ. ಅದರ ಒಕ್ಕಣೆ 1871ರದಕ್ಕಿಂತಲೂ ನಿಜಾಮರ 1919ರ ಕಾಯ್ದೆಗೆ ಹೆಚ್ಚು ಹತ್ತಿರ. ‘ಹುಡುಗರನ್ನು ಅಪಹರಿಸುವ ಅಥವಾ ಪುರುಷತ್ವಹರಣ ಮಾಡುವ’ ಎಂಬ ಮಾತು ಎರಡರಲ್ಲೂ ಇದೆ. ಇದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ.

36ಎಯಲ್ಲಿ ಇನ್ನೂ ಎರಡು ಸಂಗತಿಗಳಿದ್ದವು. ರಿಜಿಸ್ಟರಿನಲ್ಲಿ ಹೆಸರು ಸೇರಿದವರು ಆಕ್ಷೇಪಣೆ ಸಲ್ಲಿಸಬಹುದು. ಅಂದರೆ ಮೊದಲು ಹೆಸರು ಸೇರುತ್ತದೆ, ತಾನು ನಿರಪರಾಧಿ ಎಂದು ತೋರಿಸುವ ಹೊಣೆ ಆಮೇಲೆ ಅವರದೇ. ಜೊತೆಗೆ, ನೋಂದಾಯಿತರು ಯಾವ ಚಟುವಟಿಕೆ ಮಾಡಬಾರದು ಎಂದು ಕಮಿಷನರ್ ತಮ್ಮ ಆದೇಶದಲ್ಲೇ ನಿಗದಿಪಡಿಸಬಹುದು. ಯಾವ ಚಟುವಟಿಕೆ ಎಂದು ಕಾನೂನು ಹೇಳುವುದಿಲ್ಲ. ನಡೆಯುವುದೇ? ನಿಲ್ಲುವುದೇ? ಸಂಜೆ ಹೊತ್ತು ಬಸ್ ನಿಲ್ದಾಣಕ್ಕೆ ಹೋಗುವುದೇ? ಅದು ಕಮಿಷನರರ ಇಷ್ಟ.

ಇಲ್ಲಿ ಓದುಗರಲ್ಲಿ ಕೆಲವರಿಗೆ ಒಂದು ಪ್ರಶ್ನೆ ಬಂದಿರಬಹುದು. ನನ್ನ ಸ್ನೇಹಿತರೂ ಕೇಳಿದ್ದಾರೆ. ಮಕ್ಕಳನ್ನು ಕದಿಯುವವರ ಮೇಲೆ ಪೊಲೀಸರು ಕಣ್ಣಿಡಬಾರದೇ? ನ್ಯಾಯವಾದ ಪ್ರಶ್ನೆ. ಉತ್ತರ ದಂಡ ಸಂಹಿತೆಯಲ್ಲೇ ಇದೆ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಅಪಹರಣ ಅಪರಾಧವಾಗಿತ್ತು. ‘ತೀವ್ರ ಗಾಯ’ ಎಂದರೇನು ಎಂದು ವಿವರಿಸುವ 320ನೇ ಸೆಕ್ಷನ್ನಿನ ಪಟ್ಟಿಯಲ್ಲಿ ಮೊಟ್ಟಮೊದಲು ಬರುವುದೇ ಪುರುಷತ್ವಹರಣ. ಅದನ್ನು ಯಾರು ಮಾಡಿದರೂ, ಗಂಡಾಗಲಿ ಹೆಣ್ಣಾಗಲಿ ಹಿಜಡಾ ಆಗಲಿ, ಶಿಕ್ಷೆಯಿತ್ತು. ಅಂದರೆ 1871ರಲ್ಲೂ 2011ರಲ್ಲೂ ಕೃತ್ಯವನ್ನು ಹಿಡಿಯುವ ಕಾನೂನು ಮೊದಲೇ ಇತ್ತು. ಹೊಸದಾಗಿ ಸೇರಿದ್ದು ಮನುಷ್ಯರನ್ನು ಹಿಡಿಯುವ ಕಾನೂನು. ಮಾಡಿದ್ದಕ್ಕೆ ಶಿಕ್ಷೆ ಕೊಡುವುದು ಬೇರೆ, ಇರುವುದಕ್ಕೇ ಶಿಕ್ಷೆ ಕೊಡುವುದು ಬೇರೆ.

ಕಾನೂನಿನಲ್ಲಿ ಬರೆದ ಸಂಶಯ ಪುಸ್ತಕದೊಳಗೇ ಉಳಿಯುವುದೂ ಇಲ್ಲ. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರ ವದಂತಿ ಮೊಬೈಲಿನಿಂದ ಮೊಬೈಲಿಗೆ ಹರಡುತ್ತಿದ್ದಾಗ, ಹೈದರಾಬಾದಿನಲ್ಲಿ ಗುಂಪೊಂದು ಒಬ್ಬ ಟ್ರಾನ್ಸ್‌ಜೆಂಡರ್ ಮಹಿಳೆಯನ್ನು ಹೊಡೆದು ಕೊಂದಿತು. ಆ ಗುಂಪಿನಲ್ಲಿದ್ದವರು 1919ರ ಕಾಯ್ದೆಯನ್ನು ಓದಿದವರಲ್ಲ. ಆದರೆ ಅದೇ ನಗರದಲ್ಲಿ ನೂರು ವರ್ಷ ಹಿಂದೆ ಸರ್ಕಾರ ಬರೆದಿಟ್ಟ ಸಂಶಯವೇ ಅವರ ಕೈಗೆ ವದಂತಿಯಾಗಿ ಬಂದಿತ್ತು.

*

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ ಪ್ರಕರಣದಲ್ಲಿ ತೀರ್ಪು ನೀಡಿತು. ತಾನು ಗಂಡು, ಹೆಣ್ಣು ಅಥವಾ ಮೂರನೆಯ ಲಿಂಗ ಎಂದು ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ ಎಂದಿತು. 1871ರ ಕಾಯ್ದೆ ಮಾಡಿದ ಅನ್ಯಾಯವನ್ನೂ ಆ ತೀರ್ಪು ನೆನಪಿಸಿಕೊಂಡಿತು. ಅದೇ ಹೊತ್ತಿನಲ್ಲಿ ಕರ್ನಾಟಕದ ಕಾನೂನು ಪುಸ್ತಕದಲ್ಲಿ 36ಎ ಹಾಗೇ ಇತ್ತು.

ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟಿನ ಮೆಟ್ಟಿಲೇರಿತು. ಪ್ರಕರಣ ನಡೆಯುತ್ತಿರುವಾಗಲೇ, 2016ರಲ್ಲಿ, ರಾಜ್ಯ ಸರ್ಕಾರ ತಿದ್ದುಪಡಿ ತಂದಿತು. ‘ನಪುಂಸಕ’ ಎಂಬ ಪದ ಇದ್ದಲ್ಲಿ ‘ವ್ಯಕ್ತಿ’ ಎಂಬ ಪದ ಬಂತು. ಆ ತಿದ್ದುಪಡಿಯನ್ನು ಗಮನಿಸಿ 2017ರಲ್ಲಿ ನ್ಯಾಯಾಲಯ ಅರ್ಜಿಯನ್ನು ಮುಗಿಸಿತು.

ಇದು ಸಣ್ಣ ಗೆಲುವಲ್ಲ. ಪೊಲೀಸರ ಕೈಯಲ್ಲಿದ್ದ ಒಂದು ಅವಮಾನದ ಪದವನ್ನು, ಆ ಪದದಿಂದಲೇ ಗಾಯಗೊಂಡವರು ಕಾನೂನು ಪುಸ್ತಕದಿಂದ ತೆಗೆಸಿದರು. ಆದರೆ ಚರಿತ್ರೆಯ ವಿದ್ಯಾರ್ಥಿಯಾಗಿ ನನಗೆ ಅಲ್ಲಿಗೆ ನಿಲ್ಲಲಾಗುವುದಿಲ್ಲ. ಪದ ಬದಲಾಯಿತೇ ಹೊರತು ಸೆಕ್ಷನ್ ರದ್ದಾಗಲಿಲ್ಲ. ಹುಡುಗರ ಪುರುಷತ್ವಹರಣದ ಸಂಶಯ ಇರುವ ‘ವ್ಯಕ್ತಿಗಳು’ ಎಂದರೆ ಯಾರ ಕಡೆ ಬೆರಳು ತೋರಿಸಿದಂತೆ ಎಂಬುದು ಯಾವ ಠಾಣೆಗೂ ಗೊತ್ತಿರದ ಗುಟ್ಟೇನಲ್ಲ. ಬೋರ್ಡು ಬದಲಿಸಿದರೆ ಅಂಗಡಿ ಬದಲಾಗುವುದಿಲ್ಲ. ಇನ್ನೊಂದು ಮಾತನ್ನೂ ಗಮನಿಸಬೇಕು. ‘ವ್ಯಕ್ತಿ’ ಎಂದ ಮೇಲೆ ಅದು ನೀವೂ ಹೌದು, ನಾನೂ ಹೌದು. ಒಂದು ಸಮುದಾಯಕ್ಕೆಂದು ಹೊಲಿದ ಸಂಶಯದ ಅಂಗಿ ಈಗ ಎಲ್ಲರ ಅಳತೆಗೂ ಸಿದ್ಧವಾಗಿದೆ. ಅಪರಾಧ ಸಾಬೀತಾಗದೆ, ನ್ಯಾಯಾಧೀಶರ ಮುಂದೆ ನಿಲ್ಲದೆ, ಸಂಶಯ ಮಾತ್ರದಿಂದ ಪೊಲೀಸ್ ಪಟ್ಟಿ ಸೇರುವ ಸಾಧ್ಯತೆ ಯಾವ ಪೌರನಿಗೂ ಇರಬಾರದು.

ನೆರೆಯ ರಾಜ್ಯದಲ್ಲಿ ನಡೆದದ್ದನ್ನು ಇದರ ಜೊತೆ ಹೋಲಿಸಿ ನೋಡಬಹುದು. ನಿಜಾಮರ 1919ರ ಕಾಯ್ದೆ ತೆಲಂಗಾಣದಲ್ಲಿ ಉಳಿದುಕೊಂಡೇ ಬಂದಿತ್ತು. ಸಮುದಾಯದವರೇ 2018ರಲ್ಲಿ ಅದನ್ನು ಪ್ರಶ್ನಿಸಿದರು. 2023ರ ಜುಲೈನಲ್ಲಿ ತೆಲಂಗಾಣ ಹೈಕೋರ್ಟ್ ಇಡೀ ಕಾಯ್ದೆಯನ್ನೇ ಅಸಾಂವಿಧಾನಿಕ ಎಂದು ರದ್ದುಪಡಿಸಿತು. ಅಲ್ಲಿ ಪುಟವನ್ನೇ ಹರಿದರು, ಇಲ್ಲಿ ಒಂದು ಪದದ ಮೇಲೆ ಗೆರೆ ಎಳೆದೆವು.

ಜನ ಮಾತಾಡಿದರೆ ಕಾನೂನು ಬದಲಾಗುತ್ತದೆಯೇ ಎಂದು ಕೇಳುವವರಿಗೆ ಸಂಸತ್ತಿನ ಇತ್ತೀಚಿನ ಚರಿತ್ರೆ ಉತ್ತರ ಕೊಡುತ್ತದೆ. 2016ರ ಟ್ರಾನ್ಸ್‌ಜೆಂಡರ್ ಮಸೂದೆ ಈ ಸಮುದಾಯವನ್ನು ಪೂರ್ತಿ ಹೆಣ್ಣೂ ಅಲ್ಲದ, ಪೂರ್ತಿ ಗಂಡೂ ಅಲ್ಲದವರು ಎಂಬಂತೆ ವ್ಯಾಖ್ಯಾನಿಸಿತ್ತು. ಪ್ರತಿಭಟನೆ ನಡೆಯಿತು, ಆ ವ್ಯಾಖ್ಯಾನ ಹೋಯಿತು. 2018ರಲ್ಲಿ ಲೋಕಸಭೆ ಒಪ್ಪಿದ ರೂಪದಲ್ಲಿ ಗುರುತು ನಿರ್ಧರಿಸಲು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಇತ್ತು. ಭಿಕ್ಷೆಗೆ ಹಚ್ಚುವುದು ಅಪರಾಧ ಎಂಬ ಹೆಸರಲ್ಲಿ ಗುರು-ಚೇಲಾ ಕುಟುಂಬಗಳ ಮೇಲೆಯೇ ಬೀಳಬಹುದಾಗಿದ್ದ ಕಲಮೂ ಇತ್ತು. ಮತ್ತೆ ಬೀದಿಗಿಳಿದರು. 2019ರ ಕಾಯ್ದೆಯಲ್ಲಿ ಆ ಎರಡೂ ಇರಲಿಲ್ಲ.

ಎಲ್ಲವೂ ಸರಿಯಾಯಿತೆಂದಲ್ಲ. 2019ರಲ್ಲಿ ಅಂಗೀಕಾರವಾದ ಕಾಯ್ದೆ ಗುರುತಿನ ಪ್ರಮಾಣಪತ್ರಕ್ಕಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಿಡಿದು ನಿಲ್ಲಿಸಿತು. ಟ್ರಾನ್ಸ್‌ಜೆಂಡರ್ ವ್ಯಕ್ತಿಯ ಮೇಲೆ ನಡೆದ ಲೈಂಗಿಕ ದೌರ್ಜನ್ಯಕ್ಕೆ ಅದು ಇಟ್ಟ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ. ಅದೇ ಹೊತ್ತಿನಲ್ಲಿ ಮಹಿಳೆಯ ಮೇಲಿನ ಅತ್ಯಾಚಾರಕ್ಕೆ ದಂಡ ಸಂಹಿತೆ ಇಟ್ಟಿದ್ದ ಕನಿಷ್ಠ ಶಿಕ್ಷೆಯೇ ಹತ್ತು ವರ್ಷ. ಒಂದು ದೇಹದ ನೋವಿಗೆ ಇನ್ನೊಂದು ದೇಹದ ನೋವಿಗಿಂತ ಕಡಿಮೆ ಬೆಲೆ ಕಟ್ಟಿದ ಕಾನೂನನ್ನು ‘ರಕ್ಷಣೆ’ ಎಂದು ಕರೆಯುವುದು ಕಷ್ಟ.

ಹಾಗಾದರೆ ಪಟ್ಟಿಗಳೇ ಬೇಡವೇ? ಮೈತ್ರಿ ಪಿಂಚಣಿ ಕೊಡಲು ಹೆಸರು ಬೇಕಲ್ಲ? 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಶೇಕಡ 1ರ ಸಮತಲ ಮೀಸಲಾತಿ ಕೊಟ್ಟು ದೇಶಕ್ಕೆ ದಾರಿ ತೋರಿಸಿತು. ಅದಕ್ಕೂ ದಾಖಲೆ ಬೇಕಲ್ಲ? ಬೇಕು. ಆದರೆ ತಾನಾಗಿ ಬಂದು, ತನ್ನ ಪಾಲು ಕೇಳಲು ಬರೆಸುವ ಹೆಸರು ಬೇರೆ. ತನಗೆ ಗೊತ್ತಿಲ್ಲದೆ, ತನ್ನ ಮೇಲೆ ಕಣ್ಣಿಡಲು ಠಾಣೆಯಲ್ಲಿ ಬರೆದುಕೊಳ್ಳುವ ಹೆಸರು ಬೇರೆ. ಮೊದಲನೆಯದು ಪೌರತ್ವ, ಎರಡನೆಯದು ಪಹರೆ.

*

ಶಾಲೆಯ ವ್ಯಾಕರಣದಲ್ಲಿ ನಾವೆಲ್ಲ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಎಂದು ಬಾಯಿಪಾಠ ಮಾಡಿದವರು. ಅವನು, ಅವಳು, ಅದು. ಕಲ್ಲು, ಮರ, ಕುರ್ಚಿ ಎಲ್ಲವೂ ‘ಅದು’. ಸಿಗ್ನಲ್ಲಿನಲ್ಲಿ ಚಪ್ಪಾಳೆ ತಟ್ಟಿ ನಿಂತವರನ್ನು ನೋಡಿ ಕಾರಿನ ಗಾಜು ಏರಿಸುತ್ತ ‘ಅದು ಬಂತು ನೋಡು’ ಎನ್ನುವಾಗ ನಾವು ವ್ಯಾಕರಣದಿಂದ ಒಬ್ಬ ಮನುಷ್ಯರನ್ನು ವಸ್ತುಗಳ ಸಾಲಿಗೆ ತಳ್ಳುತ್ತೇವೆ. ಆದರೆ ಅದೇ ಕನ್ನಡದಲ್ಲಿ ‘ಅವರು’ ಎಂಬ ಮಾತೂ ಇದೆ. ಅದು ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ, ಸುಮ್ಮನೆ ಗೌರವ ಕೊಡುತ್ತದೆ. ನಮ್ಮ ಭಾಷೆಗೆ ಗೊತ್ತಿರುವುದನ್ನು ನಮ್ಮ ಕಾನೂನು ಕಲಿಯಬಾರದೇ?

ಸಾಹಿತ್ಯ ಈಗಾಗಲೇ ಕಲಿಯುತ್ತಿದೆ. ಎ. ರೇವತಿ ಅವರ ಆತ್ಮಕಥೆ ‘ಬದುಕು ಬಯಲು’ ಆಗಿ ಕನ್ನಡಕ್ಕೆ ಬಂದು ರಂಗವನ್ನೂ ಏರಿದೆ. ಮಂಜಮ್ಮ ಜೋಗತಿ ಅವರು ‘ನಡುವೆ ಸುಳಿವ ಹೆಣ್ಣು’ ಎಂಬ ಹೆಸರಿನಲ್ಲಿ ತಮ್ಮ ಬದುಕನ್ನು ಹೇಳಿಕೊಂಡಿದ್ದಾರೆ. ಜೋಗತಿ ನೃತ್ಯ ಕುಣಿದ ಆ ಕಾಲುಗಳು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಪೀಠದವರೆಗೆ, ಪದ್ಮಶ್ರೀ ಪಡೆಯಲು 2021ರಲ್ಲಿ ರಾಷ್ಟ್ರಪತಿ ಭವನದವರೆಗೆ ನಡೆದವು. ಸೀರೆಯುಟ್ಟು ಕುಣಿಯುವುದನ್ನು 1871ರ ಕಾನೂನು ಸೆರೆವಾಸಕ್ಕೆ ಯೋಗ್ಯ ಎಂದಿತ್ತು. ಗಣರಾಜ್ಯ ಅದನ್ನೇ ಕಲೆ ಎಂದು ಗೌರವಿಸಿತು. ಈ ಎರಡನ್ನೂ ಒಂದೇ ನಾಡು ಏಕಕಾಲಕ್ಕೆ ಇಟ್ಟುಕೊಳ್ಳಲಾಗದು. ಪ್ರಶಸ್ತಿ ಒಬ್ಬರಿಗೆ ಸಿಗುತ್ತದೆ, ಕಾನೂನು ಎಲ್ಲರ ಮೇಲಿರುತ್ತದೆ.

ಆದ್ದರಿಂದ ಓದುಗರಲ್ಲಿ, ಮುಖ್ಯವಾಗಿ ನನ್ನ ಓರಗೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇದು. ಸೆಕ್ಷನ್ 36ಎಯನ್ನು ಒಮ್ಮೆ ಓದಿ. ಒಂದು ಪುಟಕ್ಕಿಂತ ಹೆಚ್ಚಿಲ್ಲ. ನಿಮ್ಮ ಕ್ಷೇತ್ರದ ಶಾಸಕರಿಗೆ ಕನ್ನಡದಲ್ಲೇ ಒಂದು ಪತ್ರ ಬರೆಯಿರಿ: ಪದ ಬದಲಿಸಿದ್ದು ಸಾಲದು, ಸೆಕ್ಷನ್ನನ್ನೇ ತೆಗೆಯಿರಿ ಎಂದು ಕೇಳಿ. ಕಾಲೇಜಿನ ಚರ್ಚಾಕೂಟದಲ್ಲಿ, ಗ್ರಂಥಾಲಯದ ವಾರದ ಓದಿನಲ್ಲಿ ಇದನ್ನು ಎತ್ತಿ. ಆ ಕೂಟಕ್ಕೆ ಸಮುದಾಯದವರನ್ನು ವಿಷಯವಾಗಿ ಅಲ್ಲ, ಮಾತುಗಾರರಾಗಿ ಕರೆಯಿರಿ. ಇಲ್ಲಿಯವರೆಗಿನ ಹೋರಾಟವನ್ನು ಅವರೇ ಮಾಡಿದ್ದಾರೆ. ಅವರ ಹಿಂದೆ ನಿಲ್ಲುವುದಷ್ಟೇ ನಮಗೆ ಉಳಿದಿರುವ ಕೆಲಸ.

ಮುಂದೆ ಯಾವುದೇ ಮಸೂದೆ ಬರಲಿ, ವಿಧಾನಸೌಧದಲ್ಲಾಗಲಿ ಸಂಸತ್ತಿನಲ್ಲಾಗಲಿ, ಅದರ ಹೆಸರಿನಲ್ಲಿ ‘ರಕ್ಷಣೆ’ ಎಂದಿರಲಿ ‘ನಿಯಂತ್ರಣ’ ಎಂದಿರಲಿ, ಓದುವಾಗ ಎರಡೇ ಪ್ರಶ್ನೆ ಕೇಳಿ. ಇದು ಕೃತ್ಯವನ್ನು ಹಿಡಿಯುತ್ತದೆಯೋ, ಮನುಷ್ಯರನ್ನು ಹಿಡಿಯುತ್ತದೆಯೋ? ನಾನು ಯಾರು ಎಂದು ಹೇಳುವ ಮಾತನ್ನು ನನ್ನ ಬಾಯಲ್ಲಿ ಉಳಿಸುತ್ತದೆಯೋ, ಇನ್ನೊಬ್ಬರ ಕೈಯ ಪೆನ್ನಿಗೆ ಕೊಡುತ್ತದೆಯೋ? 1871ರಲ್ಲಿ ಈ ಪ್ರಶ್ನೆ ಕೇಳಲು ಪೌರರೇ ಇರಲಿಲ್ಲ, ಪ್ರಜೆಗಳಿದ್ದರು. 2011ರಲ್ಲಿ ನಾವಿದ್ದೆವು, ಆದರೆ ಕೇಳಿದವರು ಕೆಲವರೇ. ಮುಂದಿನ ಸಲ ಕೇಳದೇ ಇರಲು ನಮಗೆ ಯಾವ ನೆಪವೂ ಇಲ್ಲ.